ಬೆಲ್ಲ ನೀರು

ಭತ್ತ ಬೇಯುವ ವಾಸನೆ ಮೊದಲು ಬಂತು. ಮನೆ ಕಾಣಿಸಲು ಇನ್ನೂ ಎರಡು ತಿರುವು ಬಾಕಿ ಇತ್ತು. ರಾತ್ರಿಯಿಡೀ ನೆನೆದ ಭತ್ತ ಹಂಡೆಯಲ್ಲಿ ಕುದಿದು ಬಾಯಿ ಬಿಡುವ ಹೊತ್ತಿಗೆ ಏಳುವ ಹಬೆ. ಅದರಲ್ಲಿ ಒದ್ದೆ ಹುಲ್ಲು, ತೆಂಗಿನ ಮಡಲಿನ ಹೊಗೆ, ಎಲ್ಲೋ ತಳದಲ್ಲಿ ಹಾಲಿನಂಥ ಒಂದು ಸಿಹಿ. ಪ್ರಭಾವತಿ ಗಾಡಿಯ ಕಮಾನಿಗೆ ತಲೆಯಾನಿಸಿ ಅದನ್ನು ಮೂಗಿನ ತುಂಬ ಎಳೆದುಕೊಂಡಳು. ಕೊಲಂಬೊದಲ್ಲಿ ಗಂಡನ ಹೋಟೆಲಿನ ಹಿಂದಿನ ಎರಡು ಕೋಣೆಗಳಲ್ಲಿ, ಹದಿನೆಂಟು ವರ್ಷ, ಕಾಫಿಬೀಜ ಹುರಿಯುವ ವಾಸನೆಯೊಳಗೆ ಮಲಗಿ ಏಳುತ್ತ, ನಿದ್ದೆ ಬಾರದಾಗ ಅವಳು ಕಷ್ಟಪಟ್ಟು ನೆನಪಿಗೆ ತಂದುಕೊಳ್ಳುತ್ತಿದ್ದುದು ಇದನ್ನೇ. ಹಂಡೆಯ ಹತ್ತಿರ ನಿಂತ ಹುಡುಗಿಯ ಲಂಗದ ಮಡಿಲಿಗೆ ಅಪ್ಪಯ್ಯನ ಅಕ್ಕ ಮುತ್ತತ್ತೆ ಒಂದು ಹಿಡಿ ಬೆಂದ ಭತ್ತ ಸುರಿದು, "ಬಾಯ್ ಸುಟ್ಕಂಬೇಡ" ಅನ್ನುವಳು; ಹುಡುಗಿ ಒಂದೊಂದೇ ಕಾಳನ್ನು ಹಲ್ಲಿನಲ್ಲಿ ಸುಲಿಯುತ್ತ, ಚಾವಡಿಯ ಮಂಚದ ಮೇಲೆ ಕೂತ ಅಪ್ಪಯ್ಯನ ಕಡೆ ನೋಡುವಳು; ಅಪ್ಪಯ್ಯ ನೋಡದವರಂತೆ ನೋಡಿ ನಗುವರು.

"ಅಮ್ಮ, ಏನಿದು ನಾತ?" ಎಂದ ಕಿಟ್ಟ. ಏಳು ವರ್ಷದವನು, ಮೂಗು ಹಿಡಿದುಕೊಂಡಿದ್ದ.

"ನಾತ ಅಲ್ಲವೋ, ಭತ್ತ ಬೇಯಿಸುವುದು," ಎಂದಳು ಹನ್ನೆರಡರ ಗಿರಿಜಾ, ತಾಯಿಯ ಬದಲು ತಾನೇ. "ಅಜ್ಜನ ಮನೆಯ ಅಂಗಳದಲ್ಲಿ ಏಳು ತಿರಿ ಉಂಟು. ಒಂದೊಂದೂ ಆನೆಯಷ್ಟು. ಹುಲ್ಲಿನ ಹಗ್ಗ ಸುತ್ತಿ ಒಳಗೆ ಭತ್ತ ತುಂಬುವುದು. ಅಲ್ಲವಾ ಅಮ್ಮ?"

"ಅದರ ಮೇಲೆ ಬಾಂಬು ಬಿದ್ದರೆ?"

"ಇಲ್ಲಿ ಬೀಳುದಿಲ್ಲೆ ಮಗಾ," ಎಂದರು ಮಂಜಯ್ಯ, ಮಕ್ಕಳ ತಂದೆ, ಗಾಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತಲ್ಲಿಂದ. "ಇಲ್ಲಿ ಬೇರೆ ನಮೂನೆ ಬಾಂಬ್ ಬೀಳುದ್. ಈಗ ಕಾಣ್."

ಅವರು ಮಾತಾಡಿದ್ದು ಹೆಮ್ಮಾಡಿ ಬಿಟ್ಟ ಮೇಲೆ ಅದೇ ಮೊದಲು. ಈಸ್ಟರ್ ಭಾನುವಾರ ಜಪಾನಿನ ವಿಮಾನಗಳು ಬಂದುಹೋದ ಮೇಲೆ ಹೋಟೆಲಿಗೆ ಬೀಗ ಹಾಕಿ, ತಲೈಮನ್ನಾರಿನಲ್ಲಿ ಹಡಗಿಗೆ ಎರಡು ದಿನ ಕಾದು, ಧನುಷ್ಕೋಟಿಯ ಮರಳಲ್ಲಿ ಹೊರಳಿ, ರೈಲಿನಲ್ಲಿ ಮಂಗಳೂರಿಗೆ, ಅಲ್ಲಿಂದ ಇದ್ದಿಲಿನ ಬಸ್ಸಿನಲ್ಲಿ ಹೊಳೆಯ ಕಡವು ಕಡವಿಗೂ ಇಳಿದು ಹತ್ತಿ ಬರುವವರೆಗೂ ಅವರು ತಮಾಷೆ ಮಾಡುತ್ತಲೇ ಇದ್ದರು. ಹೆಮ್ಮಾಡಿಯಲ್ಲಿ ದಾರಿ ಎರಡಾಗುತ್ತದೆ. ಬಡಗಲಾಗಿ ಹೋದರೆ ಉಪ್ಪುಂದ. ಅಲ್ಲಿ ಕಡಲ ಪಕ್ಕದ ಹುಲ್ಲಿನ ಮಾಡಿನ ಮನೆಯಲ್ಲಿ ಪ್ರಭಾವತಿಯ ಅಬ್ಬಿ, ಹೆತ್ತ ತಾಯಿ, ಇದ್ದಾಳೆ. ಗುರುವಾರ ಬರುತ್ತೇವೆಂದು ಅವಳಿಗೆ ಕಾಗದ ಹೋಗಿದೆ. ಮೂಡಲಾಗಿ ಹೋದರೆ ವಂಡ್ಸೆ. ಇವತ್ತು ಬುಧವಾರ. "ಒಂದ್ ದಿನ ಮುಂಚೆ ಬಂದಿತ್ತಲ್ಲ, ವಂಡ್ಸೆ ಮನೆ ಮಕ್ಕಳಿಗೆ ತೋರಿಸಿ ಹೋಪ," ಎಂದಿದ್ದಳು ಅವಳು, ಈಗಷ್ಟೇ ಹೊಳೆಯಿತೆಂಬಂತೆ. ಹಡಗಿಗೆ ಕಾಯುವಾಗಲೇ ದಿನ ಲೆಕ್ಕ ಹಾಕಿದ್ದಳು. ಕಾಗದದಲ್ಲಿ ಗುರುವಾರವೆಂದು ಬರೆದದ್ದೂ ಅದಕ್ಕೇ.

ಮಂಜಯ್ಯ ಅವಳ ಮುಖವನ್ನೇ ನೋಡಿದ್ದರು. "ಯಾರ್ ಕರ್ದಿರ್ ನಿನ್ನ ಅಲ್ಲಿಗೆ?"

ಯಾರೂ ಕರೆದಿರಲಿಲ್ಲ. ಗಾಡಿ ಹೊಡೆಯುವ ಕುಷ್ಟ, ಎತ್ತಿನ ಬಾಲ ತಿರುವುತ್ತ, ಲೋಕಾಭಿರಾಮವಾಗಿ ಕೇಳಿದ್ದ: "ಶೀನ ಶೆಟ್ರ್ ಮನಿಗಾ ಅಮ್ಮ? ನಿಮ್ಗೆ ಅವ್ರ್ ಎಂತ ಆಪ್ದ್?" ಅವಳು, "ನಾವ್ ಮನೆಯವ್ರೇ" ಎಂದುಬಿಟ್ಟಿದ್ದಳು. ಕುಷ್ಟ ಒಮ್ಮೆ ತಿರುಗಿ, ಅವಳ ಸಿಂಹಳದ ಕೈಚೀಲವನ್ನೂ ಮಕ್ಕಳ ಬೂಟುಗಳನ್ನೂ ನೋಡಿ, ಮತ್ತೆ ಎತ್ತುಗಳ ಕಡೆ ತಿರುಗಿದ್ದ. ಅಷ್ಟೇ. ಆದರೆ ಆ ಬೆನ್ನು ಅವಳಿಗೆ ಒಂದೂವರೆ ಗಂಟೆ ಹೊತ್ತು ಎದುರಿಗೇ ಇತ್ತು. ಬೆವರಿ ಒದ್ದೆಯಾದ ಆ ಬೆನ್ನಿಗೆ ಎಲ್ಲವೂ ಗೊತ್ತಿದೆ ಅನ್ನಿಸಿತು. ಗೊತ್ತಿಲ್ಲದಿರಲು ಅದರಲ್ಲಿ ಗುಟ್ಟೇನಿತ್ತು? ಸೀಮೆಯಲ್ಲಿ ಮೀನು ಮಾರುವ ಹೆಂಗಸಿಗೂ ಗೊತ್ತಿರುವ ಕಟ್ಟಳೆ. ಅಳಿಯಕಟ್ಟಿನ ಮನೆ ಅಕ್ಕತಂಗಿಯರದು, ಅವರ ಮಕ್ಕಳದು. ಯಜಮಾನನ ಹೆಂಡತಿ ಮಕ್ಕಳು ಅವನ ಉಸಿರಿರುವವರೆಗಿನ ನೆಂಟರು. ಉಸಿರು ನಿಂತು, ಬೊಜ್ಜದ ಊಟ ಮುಗಿದ ಮರುದಿನ, ಅವರು ತಮ್ಮ ತಾಯಿಮನೆಯ ದಾರಿ ಹಿಡಿಯಬೇಕು. ಇದರಲ್ಲಿ ಯಾರ ಕೇಡೂ ಇಲ್ಲ, ಯಾರ ದಯೆಯೂ ಇಲ್ಲ. ಕೊಲಂಬೊದಲ್ಲಿ ಹುಟ್ಟಿದ ಮಕ್ಕಳಿಗೆ ಮಾತ್ರ ಅದು ಗೊತ್ತಿರಲಿಲ್ಲ. 'ನಮ್ಮ ಮನೆ' ಎಂದು ಶುರುಮಾಡಿದ ಕತೆಯನ್ನು ಅವಳು ಎಲ್ಲೂ ನಿಲ್ಲಿಸಿರಲಿಲ್ಲ. ನಮ್ಮ ಮನೆಯ ಕಂಬ ಒಬ್ಬರ ತೋಳಿಗೆ ಸಿಕ್ಕುವುದಲ್ಲ. ನಮ್ಮ ಮನೆಗೆ ಬಂದವರಿಗೆಲ್ಲ ಬೆಲ್ಲ ನೀರು ಕೊಡುವುದು ನನ್ನ ಕೆಲಸವಾಗಿತ್ತು. ಅಪ್ಪಯ್ಯ ಮಂಚದಿಂದ "ಪ್ರಭಾ" ಎಂದು ಕೂಗಿದರೆ ಸಾಕು, ಒಂದು ಕೈಯಲ್ಲಿ ಬೆಲ್ಲದ ತಟ್ಟೆ, ಒಂದು ಕೈಯಲ್ಲಿ ಗಿಂಡಿ. ಗಿರಿಜಾ ಅದನ್ನು ಶಾಲೆಯ ತಮಿಳು ಹುಡುಗಿಯರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಮಗಳ ಬಾಯಲ್ಲಿ ಏಳು ತಿರಿ ಆನೆಯಷ್ಟಾಗಿದ್ದವು. ಅವಳು ತಿದ್ದಲಿಲ್ಲ.

ಗಾಡಿ ನಿಂತಿತು. "ಇಳಿನಿ," ಎಂದ ಕುಷ್ಟ.

"ನೀ ಹೋಯ್ ಬಾ," ಎಂದರು ಮಂಜಯ್ಯ. "ಕರೀದಿದ್ದ ಮನೆ ಜಗ್ಲಿ ಹತ್ತುಕೆ ನಂಗ್ ಕಾಲ್ ಬತ್ತಿಲ್ಲೆ. ಕುಷ್ಟನೂ ನಾನೂ ಇಲ್ಲೇ ಬೀಡಿ ಸೇದತ್."

"ಹ್ವಾಯ್, ಮಕ್ಕಳೆದುರು ಹೀಂಗ್ ಮಾಡ್ಬೇಡಿ."

"ಮಕ್ಕಳೆದುರು ನಾನ್ ಎಂತದೂ ಮಾಡ್ಲಿಲ್ಲೆ ಮಾರಾಯ್ತಿ. ನೀನೇ ಮಾಡದ್." ಸಿಟ್ಟಿಲ್ಲದೆ ಅಂದರು, ಕೆಳಗಿಳಿಯಲು ಅವಳ ಮೊಣಕೈ ಹಿಡಿದು ಆಸರೆಯನ್ನೂ ಕೊಟ್ಟರು. ಆ ಆಸರೆಯಿಂದಲೇ ಅವಳಿಗೆ ಅಳು ಬರುವಂತಾಯಿತು.

ಅಂಗಳದಲ್ಲಿ ಎರಡೇ ತಿರಿಗಳಿದ್ದವು. ಒಂದು ಅರ್ಧ ಬಿಚ್ಚಿ ಸೊಂಟ ಬಗ್ಗಿಸಿಕೊಂಡಿತ್ತು. ಉಳಿದದ್ದೆಲ್ಲ ಹಾಗೇ ಇದೆ, ಹಾಗೇ ಇದೆ ಎಂದು ತನಗೆ ಹೇಳಿಕೊಳ್ಳುತ್ತ ನಡೆದವಳು ಚಾವಡಿಯ ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟಳು. ಬಲಗಡೆಯಿಂದ ಸುತ್ತಿ ಹೋದರೆ ಅಡಿಗೆಮನೆಯ ಬಾಗಿಲು. ಕೆಲಸದವರೂ ಬಡ ನೆಂಟರೂ ಅಲ್ಲಿಂದ ಬರುವುದು. ಮೆಟ್ಟಿಲು ಹತ್ತಿದರೆ ಚಾವಡಿ. ಅಲ್ಲಿಂದ ಬರುವುದು ಮನೆಯವರು, ಕರೆಸಿಕೊಂಡವರು. ಹನ್ನೊಂದು ವರ್ಷ ಯೋಚಿಸದೆ ಓಡಿದ ಕಾಲುಗಳಿಗೆ ಈಗ ಒಂದು ಹೆಜ್ಜೆ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಚಪ್ಪಲಿ ಬಿಟ್ಟಳು. ಬಿಟ್ಟ ಚಪ್ಪಲಿಯನ್ನು ಮತ್ತೆ ಬಗ್ಗಿ, ಯಾರ ಕಾಲಿಗೂ ಅಡ್ಡವಾಗದಂತೆ ಬದಿಗೆ ಸರಿಸಿದಳು. ಅಬ್ಬಿ ಹೀಗೇ ಸರಿಸುತ್ತಿದ್ದಳಲ್ಲ, ಹದಿನಾಲ್ಕು ವರ್ಷ ಈ ಮನೆಯಲ್ಲಿ ಬೇಯಿಸಿ ಬಡಿಸಿಯೂ ಅಬ್ಬಿ ಯಾವತ್ತೂ ತನ್ನ ಚಪ್ಪಲಿಯನ್ನು ಮೆಟ್ಟಿಲ ಎದುರಿಗೆ ಬಿಟ್ಟದ್ದಿಲ್ಲ ಎನ್ನುವುದು ಇಷ್ಟು ವರ್ಷಗಳ ಮೇಲೆ, ಬಗ್ಗಿದ ಸೊಂಟದಲ್ಲಿ, ಥಟ್ಟನೆ ತಿಳಿಯಿತು.

ಮಕ್ಕಳು ಆಗಲೇ ಮೇಲಿದ್ದರು. ಕಿಟ್ಟ ಬೂಟುಗಾಲಲ್ಲೇ ಹೋಗಿ ಕಂಬ ತಬ್ಬಿದ. "ಅಮ್ಮ, ಸಿಗ್ತದೆ. ನನ್ನ ಬೆರಳು ಬೆರಳು ಮುಟ್ತದೆ," ಎಂದು ಕೂಗಿದ, ಗೆದ್ದವನ ಹಾಗೆ. ಗಿರಿಜಾ ನೇರ ಹೋಗಿ ಯಜಮಾನರ ಮಂಚದ ಮೇಲೆ ಕೂತಳು. ಅದು ಹಳೆಯ ಮಂಚವೇ. ಅವಳ ಕಾಲು ನೆಲಕ್ಕೆ ಮುಟ್ಟದೆ ತೂಗಾಡುತ್ತಿತ್ತು. ಕಂಬ ತಬ್ಬಿದವನ ಹಿಂದೆ ಹನ್ನೊಂದರ ಇನ್ನೊಬ್ಬಳು ಒಮ್ಮೆ ತಬ್ಬಿದ್ದಳು, ಇದೇ ಕಂಬ, ಇದೇ ಬದಿ. ಅಪ್ಪಯ್ಯನ ಬೊಜ್ಜದ ಮರುದಿನ ಬೆಳಿಗ್ಗೆ, ಹಂಡೆಯಲ್ಲಿ ಅವತ್ತೂ ಭತ್ತ ಬೇಯುತ್ತಿತ್ತು. ಅಬ್ಬಿ ಒಂದು ಗಂಟು ಸೊಂಟದಲ್ಲಿಟ್ಟು, "ಬಾ ಮಗ, ಹೊತ್ತಾಯ್ತ್," ಎಂದು ಕೈ ಚಾಚಿದಾಗ ಹುಡುಗಿ ಕಂಬ ಬಿಡಲಿಲ್ಲ. ಬಾಗಿಲಲ್ಲಿ ನಿಂತ ಮುತ್ತತ್ತೆಯ ಕಡೆ ತಿರುಗಿ, "ಅತ್ತೆ, ಅಬ್ಬಿ ಹೋಯ್ಲಿ. ನಾನ್ ಇಲ್ಲೇ ಇರ್ತೆ. ನಾನ್ ಈ ಮನೆಯವ್ಳ್," ಎಂದಳು. ಗಟ್ಟಿಯಾಗಿ, ಕೇಳಲೆಂದೇ. ಅಬ್ಬಿಯ ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಯಾರೋ ಬೆರಳು ಬಿಡಿಸಿದರು. ಗದ್ದೆಯ ಅಂಚಿನವರೆಗೆ ಹೋದ ಮೇಲೆ ಅಬ್ಬಿ ಏನೋ ಮರೆತವಳಂತೆ, "ಇಲ್ಲೇ ನಿಲ್ಲ್," ಎಂದು ಅವಳನ್ನು ಬಿಟ್ಟು ಮನೆಗೆ ತಿರುಗಿ ಹೋದಳು, ಬರಿಗೈಯಲ್ಲೇ ಬಂದಳು. ಮಧ್ಯಾಹ್ನದ ಅನ್ನ ಆಗುವ ಮುಂಚೆಯೇ ಅವರು ಹೊಳೆ ದಾಟಿದ್ದರು. ಉಪ್ಪುಂದ ಮುಟ್ಟುವಾಗ ಕತ್ತಲೆ. ಕಂಬ ಹಿಡಿದು ಆಡಿದ ಆ ಮಾತನ್ನು ಅಬ್ಬಿ ಆಮೇಲೆ ಒಂದು ದಿನವೂ ಎತ್ತಲಿಲ್ಲ. ಸಿಟ್ಟು ಬಂದಾಗಲೂ ಇಲ್ಲ, ಮದುವೆಯ ದಿನವೂ ಇಲ್ಲ, ಕುಂದಾಪುರದ ಕಡವಿನಲ್ಲಿ ಬೀಳ್ಕೊಡುವಾಗಲೂ ಇಲ್ಲ. ಎತ್ತಿದ್ದರೆ ಮುಗಿಯುತ್ತಿತ್ತು. ಹದಿನೆಂಟು ವರ್ಷ ಊರಿಗೆ ಬಾರದಿರಲು ಪ್ರಭಾವತಿ ಹೋಟೆಲು, ಬಾಣಂತನ, ಹಡಗು ಎಂದು ಏನೇನೋ ಬರೆದಿದ್ದಳು. ಬಂದ ಮೇಲೂ ಮೊದಲು ತಿರುಗಿದ್ದು ಈ ಕಡೆಗೆ.

"ಯಾರ್ ಮಕ್ಳ್ ಇದ್?"

ಗದ್ದೆಯ ಕಡೆಯಿಂದ ಬಂದವರು ತಲೆಯ ಬೈರಾಸು ಬಿಚ್ಚಿ ಕೈಕಾಲು ಒರೆಸಿಕೊಳ್ಳುತ್ತಿದ್ದರು. ನರೆತ ಮೀಸೆ, ಅಪ್ಪಯ್ಯನದೇ ಹಣೆ. ಮುತ್ತತ್ತೆಯ ಮಗ ಶೀನ. ಆ ಕಾಲಕ್ಕೆ ಮಾವಿನ ಮರದಿಂದ ಬಿದ್ದು ಕೈ ಮುರಿದುಕೊಂಡ ಹದಿನಾಲ್ಕರ ಹುಡುಗ, ಈಗ ಯಜಮಾನ.

ಗಿರಿಜಾ ಮಂಚದಿಂದ ಏಳಲಿಲ್ಲ. ಬೇರೆಯವರ ಮನೆಯಲ್ಲಾದರೆ ಏಳುವ ಹುಡುಗಿಯೇ. "ಇದು ನಮ್ಮಜ್ಜನ ಮನೆ," ಎಂದಳು. "ನೀವು ಯಾರು?"

ಶೀನ ಶೆಟ್ಟರ ಕೈ ಬೈರಾಸಿನ ಮೇಲೆ ನಿಂತಿತು. ಅವರು ಹುಡುಗಿಯನ್ನು ನೋಡಿದರು, ಕಂಬದ ಬಳಿಯ ಬೂಟುಗಳನ್ನು ನೋಡಿದರು, ಕೊನೆಗೆ ಮೆಟ್ಟಿಲ ಕೆಳಗೆ ಬರಿಗಾಲಲ್ಲಿ ನಿಂತ ಹೆಂಗಸನ್ನು. ಆ ನೋಟ ತನ್ನ ಮುಖದ ಮೇಲೆ ಹುಡುಕಾಡುತ್ತಿದ್ದಷ್ಟು ಹೊತ್ತೂ ಪ್ರಭಾವತಿಗೆ ಓಡಿಹೋಗಿ ಗಾಡಿಯ ಕಮಾನಿನೊಳಗೆ ಕೂರಬೇಕೆನ್ನಿಸಿತು.

"ಪ್ರಭಾವತಿಯಾ?"

"ಹೌದ್, ಶೀನ ಭಾವ."

"ಸಿಲೋನಿಂದ್ ಬಂದದ್ದಾ? ಅಲ್ಲಿ ಬಾಂಬ್ ಬಿತ್ತಂಬ್ರು." ಅವರು ಮತ್ತೆ ಗಿರಿಜೆಯ ಕಡೆ ತಿರುಗಿದರು. "ನಾ ಯಾರ್ ಅಂದ್ ನಿಮ್ಮಮ್ಮನ ಹತ್ರ ಕೇಳ್ ಹೆಣ್ಣೆ. ಅಮ್ಮ ಹೇಳ್ದಂಗೆ." ಕುಟುಕಲು ಅಂದದ್ದೋ, ತಾನು ಹೇಳಬಾರದ್ದನ್ನು ಹೇಳದೆ ಉಳಿಯಲು ಅಂದದ್ದೋ ಗೊತ್ತಾಗಲಿಲ್ಲ. ಆಮೇಲೆ ಒಳಗೆ ಕೂಗಿದರು: "ಹ್ವಾಯ್, ನೆಂಟ್ರ್ ಬಂದಿರ್. ಬೆಲ್ಲ ನೀರ್ ತಕಂಡ್ ಬನಿ."

ನೆಂಟರು. ಒಳಗಿನಿಂದ ಹೊಸ ಸೊಸೆಯಂಥ ಯಾರೋ ಬಂದಳು. ಒಂದು ಕೈಯಲ್ಲಿ ಬೆಲ್ಲದ ತಟ್ಟೆ, ಒಂದು ಕೈಯಲ್ಲಿ ಗಿಂಡಿ. ಗಿಂಡಿಯ ಮೂತಿಯಲ್ಲಿ ಒಂದು ತಗ್ಗು ಇತ್ತು. ಆ ತಗ್ಗು ಬಿದ್ದದ್ದು ಪ್ರಭಾವತಿಯ ಕೈಯಿಂದಲೇ, ಇದೇ ಮೆಟ್ಟಿಲ ಮೇಲೆ. ಸೊಸೆ ಕೆಳಗಿಳಿದು ಬಂದು, ಮೇಲೆ ಬನ್ನಿ ಎನ್ನಬೇಕೋ ಬೇಡವೋ ತಿಳಿಯದೆ, ನಗುತ್ತ ತಟ್ಟೆ ಚಾಚಿದಳು. ಸಾಕಷ್ಟು ಬೆಲ್ಲವಿತ್ತು. ನೀರು ತಣ್ಣಗಿತ್ತು. ಮರ್ಯಾದೆಯಲ್ಲಿ ಎಳ್ಳಷ್ಟೂ ಕೊರತೆ ಇರಲಿಲ್ಲ. ಇವರು ಬೈದಿದ್ದರೆ, ಯಾಕೆ ಬಂದೆ ಎಂದಿದ್ದರೆ, ಆಗಲಾದರೂ ಈ ಮನೆಯ ಜಗಳಕ್ಕೆ ತಾನು ಬಾಧ್ಯಳಾಗುತ್ತಿದ್ದಳು. ಬೆಲ್ಲದ ಚೂರನ್ನು ಎತ್ತಿಕೊಂಡ ಬೆರಳುಗಳು ಅಂಟುತ್ತಿದ್ದವು. ಬಾಯಿಗೆ ಹಾಕಲಾಗಲಿಲ್ಲ.

"ಅಮ್ಮ," ಎಂದಳು ಗಿರಿಜಾ, ಈಗ ಎದ್ದು ನಿಂತಿದ್ದಳು. "ನಮ್ಮ ಮನೆಯಲ್ಲಿ ನಮಗೇ ಯಾಕೆ ಬೆಲ್ಲ ನೀರು? ಕೊಡುವುದು ನೀನಲ್ಲವಾ?"

ಸೊಸೆ ತಟ್ಟೆ ಹಿಡಿದೇ ಇದ್ದಳು. ಶೀನ ಶೆಟ್ಟರು ತಿರಿಯ ಕಡೆ ನೋಡುತ್ತ ನಿಂತರು. ಹಂಡೆಯ ಕೆಳಗೆ ಮಡಲು ಚಟಪಟಗುಟ್ಟಿತು. ಇನ್ನೊಂದು ಸುಳ್ಳು ಸುಲಭವಾಗಿ ಸಿಗುತ್ತಿತ್ತು: ದೂರದಿಂದ ಬಂದವರಿಗೆಲ್ಲ ಕೊಡುತ್ತಾರೆ ಮಗಾ. ಮಗಳು ನಂಬುತ್ತಿದ್ದಳು. ಮಗಳ ಕಣ್ಣಿನಲ್ಲಿ ಆಗಲೇ ಆ ಸುಳ್ಳನ್ನು ಬೇಡುವಂಥ ಒಂದು ಭಯವಿತ್ತು.

"ಇದ್ ನಮ್ಮ ಮನೆ ಅಲ್ಲ ಮಗಾ," ಎಂದಳು ಪ್ರಭಾವತಿ. ದನಿ ಅವಳು ಅಂದುಕೊಂಡದ್ದಕ್ಕಿಂತ ಸಣ್ಣದಾಗಿ ಬಂತು. "ನನ್ನ ಅಪ್ಪಯ್ಯನ ಮನೆ. ಅಪ್ಪಯ್ಯ ಇಪ್ಪಲ್ಲಿವರೆಗೆ ಇಲ್ಲಿ ಇದ್ದಿತ್. ಆಮೇಲೆ ನಂಗೂ ಅಬ್ಬಿಗೂ ಇಲ್ಲಿ ಜಾಗ ಇಲ್ಲೆ. ಇವ್ರ್ ಯಜಮಾನ್ರ್. ಆ ಮಂಚ ಇವ್ರದ್."

"ಮತ್ತೆ ನಮ್ಮ ಮನೆ?"

"ಉಪ್ಪುಂದದಲ್ಲಿ. ಅಜ್ಜಿ ಇಪ್ಪಲ್ಲಿ."

"ಅದರ ಕತೆ ನೀನು ಒಂದು ಸಲವೂ ಹೇಳಲಿಲ್ಲ," ಎಂದಳು ಗಿರಿಜಾ. ತಪ್ಪು ಹೊರಿಸಿದ್ದಲ್ಲ, ಸುಮ್ಮನೆ ನೆನಪಿಸಿಕೊಂಡು ಅಂದದ್ದು. ಮಂಚದ ಮೇಲೆ ತಾನು ಕೂತಿದ್ದ ಜಾಗವನ್ನು ಅಂಗೈಯಿಂದ ಒಮ್ಮೆ ಒರೆಸಿ, ತಮ್ಮನ ಕೈ ಹಿಡಿದು ಕೆಳಗಿಳಿದಳು. ಆ ಒರೆಸಿದ ಕೈಯನ್ನು ಪ್ರಭಾವತಿ ಜೀವಮಾನದಲ್ಲಿ ಮರೆಯಲಾರಳು.

ಶೀನ ಶೆಟ್ಟರು ಸೊಸೆಯ ಕೈಯಿಂದ ತಟ್ಟೆ, ಗಿಂಡಿ ಎರಡನ್ನೂ ತೆಗೆದುಕೊಂಡರು. "ಗಾಡಿಲ್ ಕೂತವ್ರ್ ನಿನ್ ಗಂಡ ಅಲ್ದಾ? ಬಾಯಾರಿಕಿ ಆಯ್ತಿಲ್ಲ್ಯಾ ಅವ್ರಿಗೆ?" ಎನ್ನುತ್ತ, ಯಜಮಾನರೇ ಸ್ವತಃ, ಅಂಗಳ ದಾಟಿ ಗಾಡಿಯ ಕಡೆ ಹೋದರು. ಮಕ್ಕಳೂ ಅವರ ಹಿಂದೆಯೇ ಹೋದರು. ಅಲ್ಲಿ ಮಂಜಯ್ಯ ಗಡಬಡಿಸಿ ಬೀಡಿ ಎಸೆದು ಕೆಳಗೆ ಹಾರಿದ್ದು ಕಾಣಿಸಿತು.

"ದನಿ ಕೇಂಡ್ರೆ ಪ್ರಭಾನ ದನಿ ಕಂಡಂಗಿತ್ತ್," ಎಂದರು ಅಡಿಗೆಮನೆಯ ಬದಿಯಿಂದ ಯಾರೋ. "ಇತ್ಲಾಗ್ ಬಾ."

ಮುತ್ತತ್ತೆ ಒಲೆಯ ಮುಂದೆ ಮಣೆ ಹಾಕಿ ಕೂತಿದ್ದರು. ಎಪ್ಪತ್ತು ದಾಟಿದ ದೇಹ ಒಣಗಿದ ಹುಣಸೆಯ ಹಾಗೆ ಬಾಗಿತ್ತು, ಬಾಯಲ್ಲಿ ಹಲ್ಲಿರಲಿಲ್ಲ. ಕಾಲು ಮುಟ್ಟಲು ಬಗ್ಗಿದವಳ ತಲೆಯನ್ನು ಹಿಡಿದು ಬೈತಲೆ ಸವರಿ ನೋಡಿದರು, ಬಿಸಿಯಿದೆಯೋ ಎಂದು ಮಡಕೆ ಮುಟ್ಟಿ ನೋಡುವಂತೆ. ಪ್ರಭಾವತಿ ಕಾದಳು. ಕಂಬದ ಮಾತು ಕೇಳಿದವರಲ್ಲಿ ಅಬ್ಬಿಯನ್ನು ಬಿಟ್ಟು ಉಳಿದವರು ಇವರೊಬ್ಬರೇ.

"ನಿನ್ನಬ್ಬಿನ ಕಂಡ್ ಎಷ್ಟ್ ಕಾಲ ಆಯ್ತ್?"

"ಹದ್ನೆಂಟ್ ವರ್ಷ."

"ಈಗ ಕಂಡ್ಕ ಬಂದ್ಯಾ?"

ಒಲೆಯ ಬೂದಿಯಲ್ಲಿ ಒಂದು ಕೆಂಡ ಕಣ್ಣು ಮುಚ್ಚಿ ತೆರೆಯುತ್ತಿತ್ತು.

"ಮೊದ್ಲ್ ಇಲ್ಲಿಗ್ ಬಂದ್ಯಾ," ಎಂದರು ಅತ್ತೆ. ಕೇಳಿದ್ದಲ್ಲ. "ಆ ದಿನ ನೀ ಕಂಬ ಹಿಡ್ಕಂಡ್ ಅಂದದ್ದ್ ನೆನಪಿತ್ತಾ?"

"ಇತ್ತ್."

"ಅದ್ ಕೇಂಡ್ಕಂಡ್ ನಿನ್ನಬ್ಬಿ ತಿರ್ಗಿ ಬಂದಿತ್. ನಿಂಗ್ ಗೊತ್ತಿಲ್ಲೆ. ನಿನ್ನ ಗದ್ದಿ ಅಂಚಲ್ಲ್ ನಿಲ್ಸಿ ಬಂದದ್. ಇದೇ ಬಾಗ್ಲಲ್ಲ್ ನಿಂತ್ಕಂಡ್ ಹೇಳ್ತ್, 'ಅತ್ತಿಗೆ, ಹೆಣ್ಣಿಗ್ ಈ ಮನೆ ಮೇಲೆ ಜೀವ. ನೀವ್ ಇಟ್ಕಂಬುದಾದ್ರೆ ಇಟ್ಕಣಿ. ನಾ ಬಿಟ್ಟ್ ಹೋತೆ. ನಂಗೆ ಬೇಜಾರಿಲ್ಲೆ.' ಕಟ್ಳೆ ಬಿಟ್ಟ್ ನಡೂಕೆ ಆತ್ತಾ ಅಂದ್ ನಾನೇ ಆಗುದಿಲ್ಲೆ ಅಂದದ್." ಅವರು ಕೆಂಡವನ್ನು ಇಕ್ಕಳದಿಂದ ಒಳಗೆ ತಳ್ಳಿದರು. "ಉಂಡ್ಕ ಹೋಯಿನಿ ಅಂಬುಕೂ ನನ್ ಬಾಯ್ ಬರ್ಲಿಲ್ಲೆ. ಹದ್ನಾಕ್ ವರ್ಷ ನಂಗ್ ಬಡ್ಸಿದ್ದ್. ಖಾಲಿ ಹೊಟ್ಟೆಲ್ ಹೋಯ್ತ್."

ಬರಿಗೈಯಲ್ಲಿ ತಿರುಗಿ ಬರುತ್ತಿದ್ದ ಅಬ್ಬಿ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಗದ್ದೆಯ ಅಂಚಿನ ಮೇಲೆ ಒಂದೊಂದೇ ಹೆಜ್ಜೆ. ಮರೆತದ್ದು ಸಿಗಲಿಲ್ಲವೇ ಎಂದು ಹುಡುಗಿ ಕೇಳಿಯೂ ಇದ್ದಳು. "ಸಿಕ್ಲಿಲ್ಲೆ ಮಗ, ನಡಿ," ಎಂದಿದ್ದಳು ಅಬ್ಬಿ. ತನ್ನನ್ನು ಕೊಟ್ಟುಬಿಡಲು ಹೋಗಿ, ಕೊಡಲಾಗದೆ ಬಂದವಳ ಮುಖದಲ್ಲಿ ಆಗ ಇದ್ದದ್ದು ಸೋಲೋ, ಸಂತೋಷವೋ? ಎಷ್ಟು ಕಣ್ಣು ಮುಚ್ಚಿ ನೆನೆದರೂ ಆ ಮುಖ ಸ್ಪಷ್ಟವಾಗಲಿಲ್ಲ. ಕಂಬದ ಸಿಪ್ಪೆ ಎದ್ದ ಜಾಗ, ಗಿಂಡಿಯ ತಗ್ಗು, ಮಂಚದ ಕಾಲಿನ ಕೆತ್ತನೆ, ಎಲ್ಲವೂ ನೆನಪಿದ್ದವು; ಅಬ್ಬಿಯ ಮುಖವೊಂದನ್ನು ಅವಳು ಅವತ್ತು ನೋಡಿಯೇ ಇರಲಿಲ್ಲ.

"ಅತ್ತೆ, ನಾ ಹೊರಡ್ತೆ," ಎಂದಳು. "ಹೊತ್ತ್ ಮುಳ್ಗುದ್ರೊಳ್ಗೆ ಉಪ್ಪುಂದ ಮುಟ್ಕ್."

"ಹೊರ್ಡ್. ನಿನ್ನ ಉಂಬುಕೆ ನಿಲ್ಲ್ ಅಂಬುದಿಲ್ಲೆ. ನಿನ್ನಬ್ಬಿ ಉಣ್ದೆ ಹೋದ ಮನೆಲ್ ನೀ ಕೂಕಂಡ್ ಉಂಬುದ್ ಚಂದ ಅಲ್ಲ."

ಅಂಗಳದಲ್ಲಿ ಕುಷ್ಟ ಎತ್ತುಗಳಿಗೆ ನೀರು ತೋರಿಸಿ ಮತ್ತೆ ನೊಗ ಹೂಡುತ್ತಿದ್ದ. ಶೀನ ಶೆಟ್ಟರೂ ಮಂಜಯ್ಯನೂ ಯುದ್ಧದ ಮಾತಿನಲ್ಲಿದ್ದರು; ಕೊಲಂಬೊದ ಬಂದರದಲ್ಲಿ ಹೊಗೆ ಎಷ್ಟೆತ್ತರ ಏರಿತೆಂದು ಮಂಜಯ್ಯ ಕೈ ಎತ್ತಿ ತೋರಿಸುತ್ತಿದ್ದರು. ಕಿಟ್ಟನ ಎರಡೂ ಕೆನ್ನೆ ಬೆಲ್ಲದಿಂದ ಉಬ್ಬಿದ್ದವು. ಗಿರಿಜಾ ಒಬ್ಬಳೇ ಗಾಡಿಯೊಳಗೆ ಕೂತು ಬೂಟಿನ ದಾರ ಬಿಚ್ಚಿ ಕಟ್ಟುತ್ತಿದ್ದಳು. ಪ್ರಭಾವತಿ ಹೋಗಿ ಪಕ್ಕದಲ್ಲಿ ಕೂತಾಗ ಸರಿದು ಜಾಗ ಮಾಡಿಕೊಟ್ಟಳು. ಮುಖ ಎತ್ತದೆ, "ಉಪ್ಪುಂದದ ಮನೆಯಲ್ಲಿ ಕಂಬ ಉಂಟಾ?" ಎಂದಳು.

"ಇತ್ತ್. ತೆಂಗಿನದ್. ಸಪೂರ." ಬೆರಳಿಗೆ ಅಂಟಿದ್ದ ಬೆಲ್ಲ ಇನ್ನೂ ಅಂಗೈಯಲ್ಲೇ ಇತ್ತು. ಅವಳು ಈಗ ಅದನ್ನು ಬಾಯಿಗೆ ಹಾಕಿಕೊಂಡಳು. "ರಾತ್ರಿ ಕಡಲಿನ ಶಬ್ದ ಮನೆಯೊಳಗೇ ಕೇಂತ್. ನಿನ್ನಜ್ಜಿ ಹೇಳುದಿತ್ತ್..." ಮುಂದೆ ಏನೆಂದು ಹುಡುಕಬೇಕಾಯಿತು. ಗಿರಿಜಾ ಕಾಯುತ್ತಿದ್ದಳು.

ಆಗ ಅಡಿಗೆಮನೆಯ ಬದಿಯಿಂದ ಮುತ್ತತ್ತೆ ಬಂದರು, ಒಂದು ಕೈಯಲ್ಲಿ ಗೋಡೆ ಹಿಡಿದು, ಆಮೇಲೆ ಗೋಡೆಯೂ ಇಲ್ಲದ ಬಿಸಿಲಿನಲ್ಲಿ, ಹೊಸ ಸೊಸೆಯ ಹೆಗಲು ಹಿಡಿದು. ಹುಡುಗಿ ಬುಟ್ಟಿ ಮುಂದೆ ಮಾಡಿದಳು. ಬಾಡಿಸಿದ ಬಾಳೆಲೆಯಲ್ಲಿ ಕಟ್ಟಿದ ನಾಲ್ಕು ಬುತ್ತಿ, ಸೀಗಡಿ ಚಟ್ನಿಯ ಎಣ್ಣೆ ಒಂದೆರಡು ಕಡೆ ಜಿನುಗಿತ್ತು. ಮಂಜಯ್ಯ ಬುಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಲೆ ಬಾಗಿಸಿದರು.

ಅತ್ತೆ ಸೆರಗಿನ ಒಳಗಿಂದ ಐದನೆಯದನ್ನು ತೆಗೆದರು. ಅದು ಬೇರೆ ಎಲೆಯಲ್ಲಿ, ಬೇರೆ ದಾರದಲ್ಲಿ, ಅವರದೇ ನಡುಗುವ ಬೆರಳುಗಳ ಗಂಟಿನಲ್ಲಿ ಇತ್ತು. ಗಾಡಿಯ ಕಮಾನಿನೊಳಗೆ ಕೈ ಚಾಚಿ ಅದನ್ನು ಪ್ರಭಾವತಿಯ ಮಡಿಲಲ್ಲಿಟ್ಟರು. "ಇದ್ರಲ್ಲಿ ಖಾರ ಹಾಕ್ಲಿಲ್ಲೆ," ಎಂದರು ಮೆಲ್ಲಗೆ. "ಅನ್ನ ಹಿಸ್ಕಿದ್ದೆ. ನಿನ್ನಬ್ಬಿಗೂ ಈಗ ಹಲ್ಲಿಪ್ಪುದ್ ಸುಳ್ಳ್." ಎಲೆಯ ಮೂಲಕ ಹೊಸ ಕುಚ್ಚಲಕ್ಕಿಯ ಬಿಸಿ ತೊಡೆಗೆ ತಾಗಿತು. ಅತ್ತೆಯ ಕೈ ಒಂದು ಗಳಿಗೆ ಅದರ ಮೇಲೇ ಇದ್ದು, ಆಮೇಲೆ ಬಿಟ್ಟಿತು.